ಕೃತ್ತಿಕೆ ಮಳೆಯ ಬಿಡುವಿನಲ್ಲಿ ಕೌಳಿ ಹಣ್ಣು

ಮೇ ತಿಂಗಳ ಮೂರನೇ ವಾರ. ಕೃತ್ತಿಕೆ ಮಳೆ ಒಂದು ಹದ ಸುರಿದು ನಿಂತು ಎರಡು ದಿನವಾಗಿತ್ತು. ಶಿರಸಿ ಕಡೆಯ ಬೇಣದಲ್ಲಿ, ಅಂದರೆ ಹುಲ್ಲು ಕುರುಚಲು ಬೆಳೆಯುವ ಗುಡ್ಡದ ಬಯಲಿನಲ್ಲಿ, ಕೌಳಿ ಹಣ್ಣು ಕೊಯ್ಯಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮಳೆ ಬಿದ್ದ ಮಾರನೆಯ ದಿನವೇ ಹೋದರೆ ಹಣ್ಣು ನೀರು ಕುಡಿದು ಸಪ್ಪೆಯಾಗಿರುತ್ತದೆ, ಕೆಲವು ಒಡೆದೂ ಇರುತ್ತವೆ. ಎರಡು ಬಿಸಿಲು ತಾಗಿದ ಮೇಲೆ ರುಚಿ ಕೂಡುತ್ತದೆ. ರೋಹಿಣಿ ಮಳೆ ಹಿಡಿಯಿತೆಂದರೆ ಆ ವರ್ಷದ ಕೌಳಿ ಮುಗಿದ ಹಾಗೆಯೇ. ಉಳಿದದ್ದೆಲ್ಲ ಉದುರಿ ಬುಡದಲ್ಲಿ ಕೊಳೆಯುತ್ತದೆ.

ಕೌಳಿ, ಕವಳಿ, ಕರಂಡೆ ಎಂದು ಊರಿಗೊಂದು ಹೆಸರು. ಆದರೆ ಗಿಡ ಎರಡು ಬಗೆ. ಬೇಣದ ಕಲ್ಲುನೆಲದಲ್ಲಿ ತಾನಾಗಿ ಬೆಳೆಯುವ ಸಣ್ಣ ಹಣ್ಣಿನದು ಕ್ಯಾರಿಸ್ಸಾ ಸ್ಪೈನರಮ್. ಬೇಲಿಗೆ, ಉಪ್ಪಿನಕಾಯಿಗೆ ಬೆಳೆಸುವ ದಪ್ಪ ಹಣ್ಣಿನದು ಕ್ಯಾರಿಸ್ಸಾ ಕರಂಡಾಸ್. ಬಾಯಿಗೆ ಹಾಕಿಕೊಳ್ಳಲು ನಮ್ಮ ಮತ ಸಣ್ಣದಕ್ಕೇ.

ಬೆಳಿಗ್ಗೆ ಏಳಕ್ಕೆ ಹೊರಟರೆ ಹತ್ತರೊಳಗೆ ಮನೆ ಸೇರಬೇಕು, ಬಿಸಿಲೇರಿದ ಮೇಲೆ ಕೊಯ್ದ ಹಣ್ಣು ಬೇಗ ಮೆತ್ತಗಾಗುತ್ತದೆ. ಅಡಿಕೆ ಹಾಳೆ ಮಡಚಿ ಕಟ್ಟಿದ ಕೊಟ್ಟೆ, ಒಂದು ಕವೆಕೋಲು, ಅಂಗೈಗೆ ಸವರಿಕೊಳ್ಳಲು ಕೊಬ್ಬರಿ ಎಣ್ಣೆ, ಇಷ್ಟು ಸಾಕು. ಬಟ್ಟೆ ಚೀಲ ಬೇಡ. ಒಂದರ ಮೇಲೊಂದು ಒತ್ತಿ ರಸ ಬಿಡುತ್ತದೆ. ಕೊಟ್ಟೆಯಲ್ಲೂ ನಾಲ್ಕು ಬೆರಳಿಗಿಂತ ಎತ್ತರ ತುಂಬಬಾರದು. ಎಣ್ಣೆ ಯಾಕೆಂದರೆ ಕೌಳಿಯ ಹಾಲು ಹಲಸಿನ ಮೇಣದಂತೆ, ನೀರಿಗೆ ಜಗ್ಗುವುದಿಲ್ಲ.

ಮುಳ್ಳಿನ ವಿಷಯದಲ್ಲಿ ಅವಸರ ಸಲ್ಲ. ಗಿಣ್ಣಿಗೆ ಎರಡೆರಡು ಮುಳ್ಳು, ಕೆಲವು ತುದಿಯಲ್ಲಿ ಕವಲೊಡೆದಿರುತ್ತವೆ. ಪೊದೆಯೊಳಗೆ ಕೈ ತೂರಿಸಿದರೆ ಒಳಗೆ ಹೋಗುವಾಗ ಏನೂ ಆಗುವುದಿಲ್ಲ, ಕೈ ಹಿಂದಕ್ಕೆ ತೆಗೆಯುವಾಗ ಗೀರುತ್ತದೆ. ಕವೆಕೋಲಿನಿಂದ ಕೊಂಬೆಯ ತುದಿ ಹಿಡಿದು ಹೊರಕ್ಕೆ ಬಾಗಿಸಿ, ಕಾಲಿನಿಂದ ಕೋಲು ಅದುಮಿಕೊಂಡು ಕೊಯ್ಯಬೇಕು. ಮುರಿದ ಮುಳ್ಳಿನ ಮೊನೆ ಒಳಗೇ ಉಳಿದರೆ ಕೀವು ಕಟ್ಟುತ್ತದೆ, ಆಗಿಂದಾಗಲೇ ತೆಗೆಯಿರಿ.

ಹಣ್ಣಾಗಿದೆಯೋ ಇಲ್ಲವೋ ಎಂಬುದನ್ನು ಬಣ್ಣಕ್ಕಿಂತ ತೊಟ್ಟು ಸರಿಯಾಗಿ ಹೇಳುತ್ತದೆ. ಕೆಂಪು ಕಾಯಿ ಕಿತ್ತರೆ ತೊಟ್ಟಿನ ಜಾಗದಲ್ಲಿ ದಪ್ಪ ಬಿಳಿ ಬೊಟ್ಟು ಎದ್ದು, ನೋಡುತ್ತಿದ್ದಂತೆ ಕೆಳಗಿಳಿಯುತ್ತದೆ. ಮಸಿಕಪ್ಪಾದ ಹಣ್ಣು ಬೆರಳು ತಾಗಿಸಿದರೆ ಅಂಗೈಗೇ ಬರುತ್ತದೆ. ಹಾಲು ಸಾಸಿವೆ ಕಾಳಿನಷ್ಟು ಕಂಡರೆ ಹೆಚ್ಚು. ಕೆಂಪಗಿರುವಾಗಲೇ ತಿಂದವರ ತುಟಿ ಅಂಟಿ, ಗಂಟಲು ಕೆರೆಯುತ್ತದೆ. ಇಲ್ಲೊಂದು ಎಚ್ಚರ. ಕೌಳಿ ಕಣಗಿಲೆಯ ಕುಟುಂಬದ ಗಿಡ, ಕಣಗಿಲೆ ಕಡುವಿಷ. ಹಾಗಾಗಿ ಹಾಲು ಬರುವ ಕಾಡುಕಾಯಿ ಯಾವುದನ್ನೂ ಗುರುತು ಬಲ್ಲವರ ಕೈಯಿಂದಲ್ಲದೆ ಮಕ್ಕಳಿಗೆ ಕೊಡಬೇಡಿ.

ಆ ದಿನ ಇಬ್ಬರ ಕೊಯ್ಲು ಮೂರು ಕೆಜಿಯಷ್ಟಾಯಿತು. ಕಪ್ಪು ಹಣ್ಣು ಒಂದು ಪಾತ್ರೆಗೆ, ಕೆಂಪು ಇನ್ನೊಂದಕ್ಕೆ, ಹಸಿರು ಕಾಯಿ ಮತ್ತೊಂದಕ್ಕೆ. ಹಣ್ಣನ್ನು ಉಪ್ಪುನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಇರುವೆ, ಹುಳ ಮೇಲೆ ಬರುತ್ತವೆ. ಹಸಿರು ಕಾಯಿಯ ತೊಟ್ಟು ಕಿತ್ತು, ಕಲ್ಲಿನಲ್ಲಿ ಮೆತ್ತಗೆ ಜಜ್ಜಿ, ಉಪ್ಪುನೀರು ಮೂರು ಸಲ ಬದಲಿಸಬೇಕು. ಈ ಕೆಲಸಕ್ಕೆ ಬೇಸರಪಟ್ಟರೆ ಉಪ್ಪಿನಕಾಯಿ ಒಗರಾಗಿ, ಮೇಲೆ ಅಂಟು ಪದರ ಕಟ್ಟುತ್ತದೆ. ಕೆಜಿ ಕಾಯಿಗೆ ಕಾಲು ಕೆಜಿ ಉಪ್ಪು ಹಾಕಿ ನಾಲ್ಕು ದಿನ ಭರಣಿಯಲ್ಲಿಟ್ಟು, ಆಮೇಲೆ ಸಾಸಿವೆ, ಒಣಮೆಣಸು, ಅರಿಸಿನ, ಇಂಗಿನ ಮಸಾಲೆ ಬೆರೆಸುವುದು. ಒದ್ದೆ ಸೌಟು ಒಮ್ಮೆ ತಾಗಿದರೂ ಬೂಷ್ಟು ಹಿಡಿಯುತ್ತದೆ.

ಕಪ್ಪು ಹಣ್ಣು ಎರಡು ದಿನಕ್ಕಿಂತ ಹೆಚ್ಚು ಇರದು, ಅಂದೇ ಜೆಲ್ಲಿಗೆ ಕಾಯಿಸಬೇಕು. ಮೂರು ಪಾಲು ಕಪ್ಪು, ಒಂದು ಪಾಲು ಕೆಂಪು. ಗಟ್ಟಿಯಾಗಿಸುವ ಪೆಕ್ಟಿನ್ ಕೆಂಪಿನಲ್ಲಿ ಹೆಚ್ಚು. ಬರೀ ಕಪ್ಪಿನದಾದರೆ ಜೆಲ್ಲಿ ನೀರಾಗಿಯೇ ಉಳಿಯಬಹುದು. ಹಣ್ಣು ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ, ತೆಳುಬಟ್ಟೆಯಲ್ಲಿ ಕಟ್ಟಿ ತೂಗುಹಾಕಬೇಕು. ಹಿಂಡಿದರೆ ಜೆಲ್ಲಿ ಮಬ್ಬಾಗುತ್ತದೆ. ರಸದಷ್ಟೇ ಅಳತೆಯ ಸಕ್ಕರೆ ಹಾಕಿ, ಚಮಚದಿಂದ ಹನಿಹನಿಯಾಗಿ ಬೀಳದೆ ಹಾಳೆಯಂತೆ ಜಾರುವವರೆಗೆ ಕುದಿಸಿ. ಅಲ್ಯೂಮಿನಿಯಂ ಪಾತ್ರೆ ಖಂಡಿತ ಬೇಡ, ಹುಳಿಗೆ ಅದು ಆಗದು.

ಬೀಜಕ್ಕೆಂದು ಒಂದು ಹಿಡಿ ಹಣ್ಣನ್ನು ಬೇಯಿಸದೆ ತೆಗೆದಿಟ್ಟಿದ್ದೆವು. ಬೂದಿಯಲ್ಲಿ ಹಿಸುಕಿ, ತೊಳೆದು, ನೆರಳಲ್ಲಿ ಒಂದು ದಿನ ಆರಿಸಿ ಬಿತ್ತಿದರಾಯಿತು. ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿಟ್ಟರೆ ಹುಟ್ಟುವುದಿಲ್ಲ. ಎರಡು ಪಾಲು ಮಣ್ಣು, ಒಂದೊಂದು ಪಾಲು ಮರಳು, ಗೊಬ್ಬರ ತುಂಬಿದ ಚೀಲದಲ್ಲಿ ಅರ್ಧ ಇಂಚು ಆಳಕ್ಕೆ ಊರಿ. ಸಸಿ ನಿಧಾನ, ಒಂದು ವರ್ಷ ಚೀಲದಲ್ಲೇ ಇರಲಿ. ಬೇಲಿಗಾದರೆ ಎರಡು ಅಡಿಗೊಂದು, ಹಣ್ಣಿಗೇ ಬೆಳೆಸುವುದಾದರೆ ಹತ್ತು ಅಡಿಗೊಂದು. ನೀರು ನಿಲ್ಲುವ ಜಾಗವೂ ಆಗದು, ತೋಟದ ನೆರಳೂ ಆಗದು.

ಬೇಲಿಯ ಕೌಳಿ ಹಣ್ಣು ಬಿಡುವುದಿಲ್ಲ ಎಂಬ ದೂರು ಬಹಳ ಕೇಳಿದ್ದೇವೆ. ಹೆಚ್ಚಿನ ಕಡೆ ತಪ್ಪು ಕತ್ತಿಯದು. ಹೂವು ಬರುವುದು ಕೊಂಬೆಯ ತುದಿಯಲ್ಲಿ. ದೀಪಾವಳಿ ಕಳೆದ ಮೇಲೆ ಬೇಲಿ ಸವರಿದರೆ ಬರುವ ಬೇಸಿಗೆಯ ಹೂವನ್ನೇ ಕಡಿದ ಹಾಗೆ. ಹಣ್ಣು ಮುಗಿದ ಕೂಡಲೇ, ಜೂನ್‌ನಲ್ಲಿ ಸವರಿ; ಮಳೆಗೆ ಹೊಸ ಚಿಗುರು ಬಂದು, ಬಲಿತು, ಅದೇ ಹೂವಿಗೆ ನಿಲ್ಲುತ್ತದೆ.

ಈಗ ಬೇಣವನ್ನೇ ಯಂತ್ರ ತಂದು ಬೋಳಿಸುತ್ತಿದ್ದಾರೆ, ಕೌಳಿ ಪೊದೆ ಮೊದಲು ಹೋಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಉಳಿದ ಪೊದೆಗಳಲ್ಲಿ ಮೇಲಿನ ಕೊಂಬೆಯ ಹಣ್ಣು ಕೊಯ್ಯದೆ ಬಿಡಿ. ಪಿಕಳಾರ ಹಕ್ಕಿಗಳು ತಿಂದು ಮರದ ಕೊಂಬೆಯಲ್ಲಿ ಕೂತು ಬೀಜ ಉದುರಿಸುತ್ತವೆ. ಆಷಾಢದಲ್ಲಿ ಆ ಮರಗಳ ಬುಡ ಕೆದಕಿ ನೋಡಿದರೆ ಹಿಂದಿನ ವರ್ಷಗಳ ಬೀಜದಿಂದ ಎದ್ದ ಗೇಣುದ್ದದ ಸಸಿಗಳು ಸಿಗುತ್ತವೆ. ಬೇರಿನ ಮಣ್ಣು ಉದುರದ ಹಾಗೆ ಹೆಂಟೆ ಸಮೇತ ಎತ್ತಿ ತಂದರೆ ಬೇಲಿಗೆ ಅವೇ ಸಾಕು.