ಅಪ್ಪ ಒರೆಸಿದ ಚುಕ್ಕೆ

ಅಪ್ಪ ಬೈರಾಸಿನ ತುದಿಯಿಂದ ಆ ಪುಟ್ಟ ಮಷಿನ್ನಿನ ಗಾಜು ಒರೆಸಿದ್ದು ನಾಲ್ಕು ದಿನವಾದರೂ ಕಣ್ಣಿನಿಂದ ಹೋಗುತ್ತಿಲ್ಲ. ಒಮ್ಮೆ ಒರೆಸಿದರು. ಕನ್ನಡಕ ಹಣೆಗೆ ಏರಿಸಿ ನೋಡಿದರು. ಇನ್ನೊಮ್ಮೆ ಒರೆಸಿದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು, “ಅದು ಚುಕ್ಕೆಯಾ? ನಾನು ಧೂಳು ಅಂತ ಗ್ರಹಿಸಿದ್ದು.”

36 ವರ್ಷ ಬ್ಯಾಂಕಿನಲ್ಲಿ ಕೂತು ಪೈಸೆ ಪೈಸೆ ಲೆಕ್ಕ ಹೊಂದಿಸಿದ ಮನುಷ್ಯ. ಸಂಜೆಯ ಲೆಕ್ಕದಲ್ಲಿ ಹತ್ತು ಪೈಸೆ ಆಚೀಚೆ ಆದರೆ ಆ ದಿನ ಕಡೆಯ ಬಸ್ಸಿಗೇ ಮನೆಗೆ ಬರುತ್ತಿದ್ದರು. ಅಂಥವರು ಒಂದು ಚುಕ್ಕೆಯನ್ನು ಧೂಳು ಅಂದುಕೊಂಡು ಹದಿನೈದು ದಿನ ಖುಷಿಯಲ್ಲಿ ಬನ್ಸ್ ತಿಂದರು.

ಇಂಗ್ಲೆಂಡಿನಲ್ಲಿರುವ ತಮ್ಮ ಕಳೆದ ತಿಂಗಳು ಉಡುಪಿಗೆ ಬಂದಿದ್ದ. ಸೂಟ್‌ಕೇಸ್‌ನಲ್ಲಿ ಏನು ತಂದ? ಸಕ್ಕರೆ ಕಾಯಿಲೆಯವರ ಮನೆಗೆ ಎರಡು ಕಿಲೋ ಚಾಕಲೇಟು (ಅವನ ಬುದ್ಧಿಯೇ ಅಷ್ಟು), ಕರೆಂಟಿನ ಒಂದು ಕೆಟ್ಲು, ಮತ್ತೆ ಅಪ್ಪನಿಗೆ ಶುಗರ್ ನೋಡುವ ಮಷಿನ್, ಜೊತೆಗೆ ನಾಲ್ಕು ಡಬ್ಬಿ ಸ್ಟ್ರಿಪ್. ಕೆಟ್ಲಿನ ಪಿನ್ನು ಚಪ್ಪಟೆ. ನಮ್ಮ ಗೋಡೆಯ ತೂತು ಉರುಟು. ಅದು ಸಮಸ್ಯೆಯೇ ಅಲ್ಲ ಬಿಡಿ, ದುಬೈ ಕುವೈತ್ ಅಂತ ಯಾರಾದರೂ ಹೋಗಿ ಬರುವ ಈ ಊರಿನಲ್ಲಿ ಅಡಾಪ್ಟರ್ ತುಂಬಿದ ಒಂದು ಡ್ರಾಯರ್ ಪ್ರತಿ ಮನೆಯಲ್ಲೂ ಉಂಟು. ತಮಾಷೆ ಏನೆಂದರೆ ನಮ್ಮ ಉರುಟು ಪಿನ್ನೂ ಬ್ರಿಟಿಷರದ್ದೇ. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅವರು ಒಳಗೇ ಫ್ಯೂಸ್ ಇರುವ ಚಪ್ಪಟೆ ಪಿನ್ನಿಗೆ ಹೋದರು. ನಾವು ಅದೇ ವರ್ಷ ಅವರನ್ನು ಕಳಿಸಿಕೊಟ್ಟೆವು, ಹಳೆಯ ಪಿನ್ನು ಇಲ್ಲೇ ಉಳಿಯಿತು.

ಪಿನ್ನು ಬೇರೆಯಾದರೆ ಒಂದು ಒಳ್ಳೆಯದು, ಅದು ತೂತಿನ ಒಳಗೆ ಹೋಗುವುದಿಲ್ಲ, ಹಾಗಾಗಿ ಬೇರೆ ಅಂತ ಗೊತ್ತಾಗುತ್ತದೆ. ಸಂಖ್ಯೆ ಹಾಗಲ್ಲ. ಯಾವ ದೇಶದ ಸಂಖ್ಯೆಯಾದರೂ ನಮ್ಮ ತಲೆಯೊಳಗೆ ಸಲೀಸಾಗಿ ಹೊಕ್ಕುಬಿಡುತ್ತದೆ.

ಮೊದಲ ದಿನವೇ ಅಪ್ಪನಿಗೆ 98 ಬಂತು. ನನಗೆ ಮಂಗಳೂರಿಗೆ ಫೋನು. “ತೊಂಬತ್ತೆಂಟು! ಎಂಟು ವರ್ಷದಲ್ಲಿ ಮೊದಲ ಸಲ!” ಮಾವನಿಗೆ ಫೋನು, ಅತ್ತೆಗೆ ಫೋನು. ಹಳೆಯ ಮಷಿನ್ ಸುಮ್ನೆ ಹೆದರಿಸುತ್ತಿತ್ತು, ಲಂಡನ್ನಿನ ಮಷಿನ್ ನಿಜ ಹೇಳುತ್ತದೆ ಅಂತ ಎಲ್ಲರಿಗೂ ಹೇಳಿದರು. ತಮ್ಮ ಇರುವುದು ಲಂಡನ್ನಿನಲ್ಲಿ ಅಲ್ಲ, ಆದರೆ ಅಪ್ಪನಿಗೆ ಇಂಗ್ಲೆಂಡ್ ಪೂರ್ತಿ ಲಂಡನ್ನೇ.

ದಿನಾ ಬೆಳಿಗ್ಗೆ ಡೈರಿಯಲ್ಲಿ ಬರೆದಿಟ್ಟರು. 98. 104. 89. 112, ಅದರ ಪಕ್ಕದಲ್ಲಿ “ನಿನ್ನೆ ಹಲಸಿನ ಗಟ್ಟಿ” ಅಂತ ಕಾರಣ. ಒಂದು ದಿನ 76. ಅದರ ಮುಂದೆ ಅಂದವಾದ ಬ್ಯಾಂಕ್ ಅಕ್ಷರದಲ್ಲಿ, “ಸ್ವಲ್ಪ ಕಡಿಮೆ. ಬೆಲ್ಲ ತಿಂದೆ.”

ಆ ಬೆಲ್ಲದ ಸಾಲು ಓದಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಕೈಕಾಲು ತಣ್ಣಗಾಯಿತು.

ಅಮ್ಮನಿಗೆ ಮಾತ್ರ ಮೊದಲಿನಿಂದ ಸಂಶಯ. “ಶುಗರ್ ಕಡಿಮೆಯಾದವರು ರಾತ್ರಿ ಮೂರು ಸಲ ಎದ್ದು ಚೊಂಬು ಖಾಲಿ ಮಾಡುತ್ತಾರಾ?” ಅಂತ ಕೇಳಿದ್ದಾಳೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ. ಮಷಿನ್ ಹೇಳಿದ ಮೇಲೆ ಚೊಂಬಿನ ಮಾತು ಯಾರಿಗೆ ಬೇಕು?

ಶನಿವಾರ ಮಾಮೂಲಿ ಚೆಕಪ್. ಖಾಲಿ ಹೊಟ್ಟೆಯಲ್ಲಿ ಲ್ಯಾಬಿನಲ್ಲಿ ಬಂದದ್ದು 172. ಅದೇ ಬೆಳಿಗ್ಗೆ ಮನೆಯಲ್ಲಿ 98. ಅಪ್ಪನ ತೀರ್ಪು ರೆಡಿ ಇತ್ತು, “ಆ ಹುಡುಗ ಮೊಬೈಲ್ ನೋಡಿಕೊಂಡು ರಕ್ತ ತೆಗೆದದ್ದು.” ನಾನೂ ಲ್ಯಾಬಿಗೆ ಬೈಯಲು ತಯಾರಾಗಿದ್ದೆ. ಸುಮ್ನೆ ಒಮ್ಮೆ ಮಷಿನ್ ನೋಡುವ ಅಂತ ಕೈಗೆ ತೆಗೆದುಕೊಂಡೆ. 9, ಚುಕ್ಕೆ, 8. ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ಮಿಲಿಗ್ರಾಂ ಅಲ್ಲ, ಮಿಲಿಮೋಲ್.

“ಅದು ಚುಕ್ಕೆಯಾ? ನಾನು ಧೂಳು ಅಂತ ಗ್ರಹಿಸಿದ್ದು.”

ಡಾಕ್ಟರು ನಗಲಿಲ್ಲ. ಅದಕ್ಕೆ ಅವರ ಮೇಲೆ ಗೌರವ ಬಂತು. “18ರಿಂದ ಗುಣಿಸಿ,” ಅಂದರು ಅಷ್ಟೇ. 9.8 ಅಂದರೆ 176. 11.2 ಅಂದರೆ 202. ಬೆಲ್ಲ ತಿಂದ ದಿನದ 7.6 ಅಂದರೆ 137. ಅಪ್ಪ ಡೈರಿ ಮಡಚಿ ಚೀಲದೊಳಗೆ ಇಟ್ಟುಕೊಂಡರು, ಬಾಲನ್ಸ್ ತಪ್ಪಿದ ಲೆಡ್ಜರ್ ಮ್ಯಾನೇಜರಿಗೆ ಕಾಣದ ಹಾಗೆ ಇಡುವಂತೆ.

ರಾತ್ರಿ ತಮ್ಮನಿಗೆ ಫೋನ್ ಮಾಡಿ ಬೈದೆ. ಅವನ ಉತ್ತರ ಕೇಳಿ: “ಇಡೀ ಪ್ರಪಂಚ ಹೀಗೇ ಅಳೆಯುವುದು, ನಿಮ್ಮ ಇಂಡಿಯಾ ಮಾತ್ರ ಹಳೇ ಕಾಲದಲ್ಲಿ ಉಂಟು.” ನಿಮ್ಮ ಇಂಡಿಯಾ! ಉಡುಪಿಯ ಕೃಷ್ಣಮಠದ ರಥಬೀದಿಯಲ್ಲಿ ಗಾಳಿಪಟ ಹಾರಿಸಿ ಬೆಳೆದವನು. ಅವನು ಹೇಳಿದ್ದು ತಪ್ಪು ಕೂಡ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಲ್ಲಿ ಮಿಲಿಮೋಲ್. ಇಲ್ಲಿ, ಅಮೆರಿಕದಲ್ಲಿ, ಜಪಾನಿನಲ್ಲಿ ಮಿಲಿಗ್ರಾಂ. ಅವನ ಊರಿನ ರಸ್ತೆಯ ಬೋರ್ಡಿನಲ್ಲಿ ಇವತ್ತಿಗೂ ಮೈಲಿ. 1965ರಿಂದ ಮೆಟ್ರಿಕ್‌ಗೆ ಹೋಗುತ್ತಾ ಇದ್ದಾರೆ, ರಸ್ತೆಯವರೆಗೆ ಇನ್ನೂ ಮುಟ್ಟಿಲ್ಲ. ಪಬ್ಬಿನಲ್ಲಿ ಬಿಯರು ಪೈಂಟು. ಇವನ ತೂಕ ಕೇಳಿದರೆ ಹದಿಮೂರು ಸ್ಟೋನ್ ಅನ್ನುತ್ತಾನೆ, ಕಲ್ಲಿನ ಲೆಕ್ಕದಲ್ಲಿ! ಅಂಥವನು ನಮಗೆ ಹಳೇ ಕಾಲ ಅನ್ನುವುದು.

ಅಮೆರಿಕದವರು ಮೆಟ್ರಿಕ್ ಅಂದರೆ ಮೂಗು ಮುರಿಯುತ್ತಾರೆ ಅಂತ ಎಲ್ಲರಿಗೂ ಗೊತ್ತು. 1975ರಲ್ಲಿ ಕಾನೂನು ಮಾಡಿದರು, ಆದರೆ ಬೇಕಾದವರು ಬದಲಾಗಿ ಅಂದರು. ಬೇಕಾದವರು ಬದಲಾಗಿ ಅಂದರೆ ಯಾರು ಬದಲಾಗುತ್ತಾರೆ? 1982ರಲ್ಲಿ ಅದಕ್ಕಿದ್ದ ಮಂಡಳಿಯನ್ನೇ ಮುಚ್ಚಿದರು. ಆದರೆ ಅವರ ಇಂಚು ಎಷ್ಟು ಅಂತ ಕಾನೂನಿನಲ್ಲಿ ನೋಡಿದರೆ 25.4 ಮಿಲಿಮೀಟರ್, 1959ರಿಂದ. ಹೊರಗೆ ಇಂಚು, ಒಳಗೆ ಮೀಟರು.

ಶುಗರ್ ವಿಷಯದಲ್ಲಿ ಇದೂ ಅಲ್ಲ. ಇಲ್ಲಿ ಎರಡೂ ಮೆಟ್ರಿಕ್ಕೇ! ಅದೇ ನನ್ನನ್ನು ಜಾಸ್ತಿ ಕಾಡಿದ್ದು. ಜಗಳ ಹಳೆಯದಕ್ಕೂ ಹೊಸದಕ್ಕೂ ಅಲ್ಲ. ಒಬ್ಬರು ತೂಗುತ್ತಾರೆ, ಒಬ್ಬರು ಎಣಿಸುತ್ತಾರೆ, ಅಷ್ಟೇ. ನಮ್ಮ ಮಿಲಿಗ್ರಾಂ ಅಂದರೆ ರಕ್ತದಲ್ಲಿ ಎಷ್ಟು ತೂಕದ ಸಕ್ಕರೆ ಉಂಟು ಅಂತ. ಅವರ ಮಿಲಿಮೋಲ್ ಅಂದರೆ ಸಕ್ಕರೆಯ ಅಣುಗಳು ಎಷ್ಟು ಉಂಟು ಅಂತ. ಗ್ಲೂಕೋಸಿನ ಒಂದು ಮಿಲಿಮೋಲ್ ತೂಗಿದರೆ 180 ಮಿಲಿಗ್ರಾಂ, ಅವರದ್ದು ಲೀಟರಿನ ಲೆಕ್ಕ, ನಮ್ಮದು ಲೀಟರಿನ ಹತ್ತನೇ ಒಂದು ಪಾಲಿನ ಲೆಕ್ಕ, ಹಾಗಾಗಿ ಡಾಕ್ಟರ 18.

ಇದು ನಮ್ಮವರಿಗೆ ಅರ್ಥವಾಗದ ವಿಷಯವಾ? ಮೀನು ಮಾರ್ಕೆಟಿಗೆ ಹೋಗಿ. ಬಂಗುಡೆ ನೂರಕ್ಕೆ ಎಷ್ಟು ಅಂತ ಎಣಿಸಿ ಕೊಡುತ್ತಾರೆ. ಪಕ್ಕದಲ್ಲೇ ಅಂಜಲ್ ತಕ್ಕಡಿಗೆ ಏರುತ್ತದೆ. ಒಬ್ಬಳೇ ಹೆಂಗಸು, ಒಂದೇ ಬುಟ್ಟಿ. ಶಂಕರಪುರದ ಮಲ್ಲಿಗೆಯನ್ನು ತೂಗಿ ಕೇಳಿ ನೋಡೋಣ, ನಗುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಪೇಪರಿನಲ್ಲಿ ರೇಟು ಬರುವುದೂ ಅಟ್ಟೆಗೆ. ಘಟ್ಟದ ಮೇಲೆ ಅದೇ ಹೂವು ಮೊಳ. ಇದರಲ್ಲಿ ಯಾವುದು ಸರಿ ಅಂತ ಯಾರಾದರೂ ಜಗಳ ಮಾಡಿದ್ದುಂಟಾ?

ವಿಶ್ವ ಆರೋಗ್ಯ ಸಂಸ್ಥೆ 1977ರಲ್ಲೇ ವೈದ್ಯರೆಲ್ಲ ಒಂದೇ ಪದ್ಧತಿಗೆ ಬನ್ನಿ ಅಂದಿತ್ತು. ಕೆಲವರು ಬಂದರು, ಕೆಲವರು ಬರಲಿಲ್ಲ. ಬರದವರು ದಡ್ಡರು ಅಂತ ತಮ್ಮನ ಹಾಗೆ ಹೇಳುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಖಾಲಿ ಹೊಟ್ಟೆಯಲ್ಲಿ 126 ಅಂದರೆ ಡಯಾಬಿಟೀಸ್ ಶುರು ಅಂತ ಈ ದೇಶದ ಪ್ರತಿ ಮನೆಯಲ್ಲಿ ಒಬ್ಬರಿಗಾದರೂ ಗೊತ್ತು. 200 ಅಂದರೆ ಅಮ್ಮನ ಮುಖದ ಬಣ್ಣ ಹೋಗುತ್ತದೆ. ಮದುವೆ ಊಟದಲ್ಲಿ ಪಾಯಸ ಬಡಿಸುವವನಿಗೆ ಕೈ ಅಡ್ಡ ಹಿಡಿದು “ನಂದು 240 ಮಾರಾಯ” ಅನ್ನುತ್ತಾರೆ. ಆ 126ನ್ನು 7 ಮಾಡಿದರೆ, 200ನ್ನು 11.1 ಮಾಡಿದರೆ, ಈ ಹೆದರಿಕೆಯನ್ನೆಲ್ಲ ಮೊದಲಿಂದ ಕಲಿಯಬೇಕು. 11ಕ್ಕೆ ಯಾರು ಹೆದರುತ್ತಾರೆ?

ಜ್ವರವೂ ಅಷ್ಟೇ. ಸೆಖೆ ಎಷ್ಟು ಅಂದರೆ 34 ಡಿಗ್ರಿ, ಅದು ಸೆಲ್ಸಿಯಸ್. ಜ್ವರ ಎಷ್ಟು ಅಂದರೆ 102, ಅದು ಫ್ಯಾರನ್‌ಹೀಟ್. ಒಂದೇ ಮನೆ, ಒಂದೇ ದಿನ. ಮಗುವಿಗೆ 38.9 ಅಂದರೆ ನನಗೆ ಏನೂ ಅನ್ನಿಸುವುದಿಲ್ಲ, 102 ಅಂದರೆ ಒದ್ದೆ ಬಟ್ಟೆ ಹುಡುಕುತ್ತೇನೆ. ಅಪ್ಪ 98ನ್ನು ಅಷ್ಟು ಬೇಗ ನಂಬಿದ್ದಕ್ಕೂ ಇದೇ ಕಾರಣ ಇರಬಹುದು. ನಮ್ಮಲ್ಲಿ ಜ್ವರ ಇಲ್ಲದ ಮೈ ಅಂದರೆ 98 ಪಾಯಿಂಟ್ ಆರು. ಆ ಸಂಖ್ಯೆ ಕಂಡರೆ ಸಾಕು, ಎಲ್ಲ ಸರಿ ಉಂಟು ಅಂತ ಮೈಗೆ ಅನ್ನಿಸಿಬಿಡುತ್ತದೆ.

ಬೇರೆ ದೇಶ ಯಾಕೆ, ಜಾಗದ ಲೆಕ್ಕ ನೋಡಿ. ಬೆಂಗಳೂರಿನ ನನ್ನ ಗೆಳತಿಗೆ ಮಣಿಪಾಲದ ಹತ್ತಿರ ಹತ್ತು ಸೆಂಟ್ಸ್ ಜಾಗ ಉಂಟು ಅಂದರೆ ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಅವಳದ್ದು ಗುಂಟೆ. ಎಕರೆಗೆ 40 ಗುಂಟೆ, ಅಥವಾ 100 ಸೆಂಟ್ಸ್. 1956ರವರೆಗೆ ನಾವು ಮದ್ರಾಸಿನ ಜೊತೆ ಇದ್ದವರು, ಅವರು ಮೈಸೂರಿನವರು. ಭಾಷೆ ಒಂದಾಯಿತು, ರಾಜ್ಯ ಒಂದಾಯಿತು, ಎಕರೆಯನ್ನು ಕತ್ತರಿಸುವ ರೀತಿ ಒಂದಾಗಲಿಲ್ಲ. ಹಾಗಂತ ಯಾರೂ ಸೆಂಟ್ಸಿಗಾಗಿ ಹಟ ಹಿಡಿದಿಲ್ಲ. ಪಕ್ಕದ ಮನೆಯವನ ದಾಖಲೆಯಲ್ಲಿ ಸೆಂಟ್ಸ್ ಇರುವಾಗ ನಾನೊಬ್ಬಳೇ ಗುಂಟೆಯಲ್ಲಿ ಮಾರಲು ಹೋದರೆ ಕೊಳ್ಳಲು ಯಾರು ಬರುತ್ತಾರೆ?

ಇದನ್ನೆಲ್ಲ ನಾನು ದೊಡ್ಡದಾಗಿ ಹೇಳುತ್ತಿದ್ದಾಗ ಅಪ್ಪ ಸುಮ್ಮನೆ ಕೇಳುತ್ತಿದ್ದರು. ಆಮೇಲೆ ನಯಾ ಪೈಸೆಯ ಕತೆ ತೆಗೆದರು. 1957ರ ಏಪ್ರಿಲ್ ಒಂದರಂದು ಆಣೆ ಹೋಗಿ ಪೈಸೆ ಬಂದಾಗ ಅವರಿಗೆ ಹತ್ತು ವರ್ಷ. ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಇಲ್ಲವಲ್ಲ. ಅಂಗಡಿಯವನು ಕೊಡುವಾಗ ಆರು ಪೈಸೆ ಕೊಡುತ್ತಿದ್ದ, ತೆಗೆದುಕೊಳ್ಳುವಾಗ ಏಳು ಕೇಳುತ್ತಿದ್ದ. “ಆ ಕಾಲು ಪೈಸೆ ಎಲ್ಲಿಗೆ ಹೋಗುತ್ತದೆ ಅಂತ ನಾನು ಮೇಷ್ಟ್ರ ಹತ್ತಿರ ಕೇಳಿ ಪೆಟ್ಟು ತಿಂದಿದ್ದೆ,” ಅಂದರು. ಕಾಲು ಪೈಸೆಗೆ ಪೆಟ್ಟು ತಿಂದ ಹುಡುಗ. 68 ವರ್ಷದ ಮೇಲೆ ಅದೇ ಹುಡುಗ ಬೈರಾಸು ಹಿಡಿದು ಚುಕ್ಕೆ ಒರೆಸುತ್ತಾ ನಿಂತದ್ದು ಮತ್ತೆ ಕಣ್ಣಿಗೆ ಬಂತು. ನಾನು ಏನೂ ಹೇಳಲಿಲ್ಲ.

ಇಲ್ಲಿಯದೇ ಹೊಸ ಮಷಿನ್ ತಂದುಕೊಟ್ಟೆ, ಮಿಲಿಗ್ರಾಂನದ್ದು. ಲಂಡನ್ನಿನದ್ದನ್ನು ಕೊಡಿ, ಒಳಗೆ ಇಡುತ್ತೇನೆ ಅಂದರೆ ಒಪ್ಪಲಿಲ್ಲ. “ಇನ್ನೂ ಎರಡು ಡಬ್ಬಿ ಸ್ಟ್ರಿಪ್ ಉಂಟು. ಮಗ ದುಡ್ಡು ಕೊಟ್ಟು ತಂದದ್ದು, ಬಿಸಾಡುವುದಾ?” ಅಮ್ಮನಿಗೆ ಬನ್ಸ್ ಬಂದ್ ಮಾಡಲು ಹೇಳಿ ನಾನು ಮಂಗಳೂರಿಗೆ ಬಂದೆ.

ಇವತ್ತು ಬೆಳಿಗ್ಗೆ ಅಮ್ಮ ವಾಟ್ಸ್ಆ್ಯಪ್‌ನಲ್ಲಿ ಡೈರಿಯ ಫೋಟೋ ಕಳಿಸಿದ್ದಾಳೆ. ಹೊಸ ಪುಟ, ಸ್ಕೇಲ್ ಇಟ್ಟು ಗೆರೆ ಎಳೆದ ಮೂರು ಕಾಲಂ. ಲಂಡನ್, ಗುಣಿಲೆ 18, ಉಡುಪಿ. ಮೊದಲ ಸಾಲಿನಲ್ಲಿ 8.3, ಆ ಚುಕ್ಕೆಯನ್ನು ಪೆನ್ನಿನಿಂದ ಎರಡು ಮೂರು ಸಲ ತಿದ್ದಿ ದಪ್ಪ ಮಾಡಿದ್ದಾರೆ. ಕೊನೆಯ ಕಾಲಮಿನಲ್ಲಿ 149.40.

ಫೋನ್ ಮಾಡಿ ಕೇಳಿದೆ, 149.4 ಸಾಕಲ್ಲ, ಕೊನೆಗೆ ಸೊನ್ನೆ ಎಂಥಕ್ಕೆ ಅಂತ.

“ಪೈಸೆಗೆ ಎರಡು ಸ್ಥಾನ ಬರೆಯಬೇಕು ಮಾರಾಯ್ತಿ,” ಅಂದರು.