ಚೇತಕ್‌ಗೆ ಮೈಮುಚ್ಚಿಕೊಳ್ಳೋ ಅಭ್ಯಾಸ ಇಲ್ಲ

ಈ ಸಲ ಮಾಡೆಲ್ ಕಟ್ಟೋಕೆ ಕೈಗೆತ್ತಿಕೊಂಡಿದ್ದು ಆಲೂಯೆಟ್-3 ಹೆಲಿಕಾಪ್ಟರ್. ನಮ್ಮ ಬಾಯಲ್ಲಿ ಚೇತಕ್. ಫ್ರೆಂಚರು ಇಟ್ಟ ಹೆಸರಿಗೆ ಹಾಡುಹಕ್ಕಿ ಅಂತ ಅರ್ಥ. ಬೆಂಗಳೂರಿನ ಎಚ್‌ಎಎಲ್‌ಗೆ ಬಂದ ಮೇಲೆ ಅದು ರಾಣಾ ಪ್ರತಾಪನ ಕುದುರೆಯಾಯಿತು. ಇಲ್ಲಿ ಜೋಡಿಸಿದ ಮೊದಲನೆಯದು ಹಾರಿದ್ದು 1965ರಲ್ಲಿ. ನನ್ನದು 1:72 ಅಳತೆಯ, ಅಂದರೆ ನಿಜದ್ದರ 72ರಲ್ಲೊಂದು ಪಾಲಿನ, ಪ್ಲಾಸ್ಟಿಕ್ ತುಂಡು ಅಂಟಿಸಿ ಕಟ್ಟೋ ಕಿಟ್, ಹಳೇ ಅಚ್ಚು. ಮೂತಿಯಿಂದ ಬಾಲದವರೆಗೆ ಹೆಚ್ಚುಕಡಿಮೆ 14 ಸೆಂಟಿಮೀಟರ್. ತುಂಡುಗಳೂ ಕಡಿಮೆ. ಎರಡು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಈಗ ಐದನೇ ತಿಂಗಳು.

ತಪ್ಪು ಕಿಟ್‌ನದ್ದಲ್ಲ, ಹೆಲಿಕಾಪ್ಟರಿನದ್ದೇ. ಯುದ್ಧವಿಮಾನದ ಮಾಡೆಲ್ ಆದರೆ ಕಾಕ್‌ಪಿಟ್ ಒಳಗೆ ಒಂದಿಷ್ಟು ಕಪ್ಪು ಬಳಿದು, ಮೇಲೆ ಗಾಜು ಮುಚ್ಚಿ ಪಾರಾಗಬಹುದು. ಇಂಜಿನ್ನು ಹೊಟ್ಟೆಯೊಳಗೆ ಇರುತ್ತೆ, ಯಾರೂ ಕೇಳಲ್ಲ. ಚೇತಕ್‌ದು ಹಾಗಲ್ಲ. ಮುಖಪೂರ್ತಿ ಗಾಜು, ಒಳಗೆ ಕೂತವರ ಚಪ್ಪಲಿಯೂ ಕಾಣಬೇಕು. ಬೆನ್ನ ಮೇಲೆ ಇಂಜಿನ್ನು ಮುಚ್ಚಳವಿಲ್ಲದೆ ಬಯಲಲ್ಲಿ ಮಲಗಿದೆ. ಅದರ ಹಿಂದೆ ಬಾಲದ ರೋಟರ್‌ಗೆ ಹೋಗೋ ಶಾಫ್ಟ್. ಬಚ್ಚಲುಮನೆಗೆ ಬಾಗಿಲೇ ಇಡದೆ ಕಟ್ಟಿದ ಮನೆಯ ಹಾಗೆ. ಕಿಟ್‌ನಲ್ಲಿ ಕೊಟ್ಟಿದ್ದು ಎರಡು ಹೋಳು ಅಂಟಿಸಿದರೆ ಆಗೋ ಒಂದು ಉಂಡೆ. ಅದರ ಮೇಲೆ ಗೀರು ಎಳೆದು ಪೈಪು ಅಂದಿದ್ದಾರೆ.

ಆ ಗೀರುಗಳನ್ನೆಲ್ಲ ಕೆರೆದು ಹಾಕಿದೆ. ಅಲ್ಲಿಂದ ಶುರುವಾಯಿತು ರಗಳೆ.

ಅಲ್ಲಿರಬೇಕಾದ್ದು ಆರ್ಟೂಸ್ಟ್ 3ಬಿ. 870 ಅಶ್ವಶಕ್ತಿ ಕೊಡಬಲ್ಲ ಇಂಜಿನ್ನನ್ನು 570ಕ್ಕೇ ಕಟ್ಟಿಹಾಕಿದ್ದಾರೆ. ಗಾಳಿ ತೆಳುವಾಗೋ ಎತ್ತರದಲ್ಲಿ, ಸುಡುಬಿಸಿಲಲ್ಲಿ, ಕೈಯಲ್ಲಿ ಒಂದಿಷ್ಟು ಉಳಿದಿರಲಿ ಅಂತ. ನನಗೆ ಬೇಕಾಗಿದ್ದು ಅದರ ಮೈಮೇಲಿನ ನರಗಳು. ಹಾಳಾದ ಇಯರ್‌ಫೋನ್ ಒಂದನ್ನು ಸೀಳಿದೆ. ಅದರೊಳಗಿನ ತಾಮ್ರದ ಎಳೆಗೆ ಬಣ್ಣದ ಮೆರುಗು ಇರುತ್ತೆ, ದೀಪದ ಮೇಲೆ ಹಿಡಿದರೆ ಸುಟ್ಟುಹೋಗುತ್ತೆ. ಎಳೆಯನ್ನು ಗಾಜಿನ ಮೇಲಿಟ್ಟು ಸ್ಟೀಲ್ ಸ್ಕೇಲಿನಿಂದ ಹೊರಳಿಸಿದರೆ ನೆಟ್ಟಗಾಗುತ್ತೆ, ಸೂಜಿಗೆ ಸುತ್ತಿದರೆ ಬೇಕಾದ ತಿರುವು. ದಪ್ಪ ಪೈಪಿಗೆ ಎಸ್.ಪಿ. ರೋಡಿನಿಂದ ತಂದ ತಂತಿ. ಪೈಪು ಹಿಡಿದಿಡೋ ಪಟ್ಟಿಗೆ ಮಾತ್ರೆ ಸ್ಟ್ರಿಪ್ಪಿನ ಬೆನ್ನಿನ ಹಾಳೆ. ಹೊಗೆ ಹೋಗೋ ಕೊಳವೆಯ ಬಾಯಿ ಮುಚ್ಚಿಕೊಂಡೇ ಅಚ್ಚಾಗಿತ್ತು. ಅದನ್ನು ಕೈಡ್ರಿಲ್ಲಿನಿಂದ ಕೊರೆದು, ಅಂಚನ್ನು ಒಳಗಡೆಯಿಂದ ಕೆರೆಯುತ್ತಾ ಕೆರೆಯುತ್ತಾ ಕಾಗದದಷ್ಟು ತೆಳುವಾಗಿಸಿದೆ. ಇಡೀ ಮಾಡೆಲ್‌ನಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟ ಕೆಲಸ ಅದು, ಖರ್ಚು ಸೊನ್ನೆ.

ಬರೀ ಚೇತಕ್ ಆಗಿದ್ದರೆ ಇಷ್ಟಕ್ಕೇ ನಿಲ್ಲುತ್ತಿತ್ತೇನೋ. ನಾನು ಆರಿಸಿಕೊಂಡಿದ್ದು ಕಿಲೋ ಫ್ಲೈಟ್‌ನ ಆಲೂಯೆಟ್. 1971ರ ಸೆಪ್ಟೆಂಬರ್ ಕೊನೆಯಲ್ಲಿ ನಾಗಾಲ್ಯಾಂಡಿನ ದಿಮಾಪುರದಲ್ಲಿ ಬಾಂಗ್ಲಾದೇಶದ ವಾಯುಪಡೆ ಆ ಹೆಸರಿನ ತುಕಡಿಯಾಗಿ ಹುಟ್ಟಿದ್ದು ಮೂರೇ ಮೂರು ಯಂತ್ರಗಳಿಂದ: ಒಂದು ಡಕೋಟಾ ವಿಮಾನ, ಒಂದು ಆಟರ್ ವಿಮಾನ, ಒಂದು ಆಲೂಯೆಟ್. ಮೂರನ್ನೂ ಕೊಟ್ಟಿದ್ದು ಭಾರತ. ಜನರನ್ನು ಹೊತ್ತು ತಿರುಗೋ ಹೆಲಿಕಾಪ್ಟರಿಗೆ ಪಕ್ಕದಲ್ಲಿ 14 ರಾಕೆಟ್ ಕಟ್ಟಿದರು, .303 ಬ್ರೌನಿಂಗ್ ಮೆಷಿನ್‌ಗನ್ ಕೂರಿಸಿದರು, ಕೆಳಗಿನಿಂದ ಗುಂಡು ಬಂದರೆ ಇರಲಿ ಅಂತ ನೆಲಕ್ಕೆ ಒಂದಿಂಚು ಉಕ್ಕಿನ ತಗಡು ಬೆಸೆದರು. ಡಿಸೆಂಬರ್ 3ರ ರಾತ್ರಿ ಅದರ ಪೈಲಟ್‌ಗಳಾದ ಸುಲ್ತಾನ್ ಮಹಮೂದ್ ಮತ್ತು ಬದ್ರುಲ್ ಆಲಂ ಇದನ್ನೇ ಹಾರಿಸಿಕೊಂಡು ಹೋಗಿ ನಾರಾಯಣಗಂಜ್‌ನ ಗೋದ್‌ನೈಲ್ ತೈಲ ಡಿಪೋಗೆ ರಾಕೆಟ್ ಹೊಡೆದರು. ಅಂದರೆ ಮೂಲ ಯಂತ್ರವೇ ಒಂಥರಾ ಸ್ಕ್ರ್ಯಾಚ್ ಬಿಲ್ಡ್, ಕೈಗೆ ಸಿಕ್ಕಿದ್ದರಲ್ಲೇ ಕಟ್ಟಿಕೊಂಡಿದ್ದು. ನನ್ನಂಥವನು ಬಿಡೋದುಂಟೆ?

ನೆಲದ ತಗಡಿನಿಂದ ಶುರು ಮಾಡಿದೆ. ಒಂದಿಂಚು ಅಂದರೆ 25 ಮಿಲಿಮೀಟರ್, 72ರಿಂದ ಭಾಗಿಸಿದರೆ 0.35. ಮನೆಯಲ್ಲಿದ್ದದ್ದನ್ನೆಲ್ಲ ದಪ್ಪ ಅಳೆಯೋ ವರ್ನಿಯರ್‌ಗೆ ಸಿಕ್ಕಿಸಿ ನೋಡಿದಾಗ ಸರಿಹೊಂದಿದ್ದು ಒಂದು ವಿಸಿಟಿಂಗ್ ಕಾರ್ಡ್. ಇನ್ಶೂರೆನ್ಸ್ ಏಜೆಂಟರೊಬ್ಬರು ಕೊಟ್ಟಿದ್ದು. ಯುದ್ಧಕ್ಕೆ ಹೊರಟ ಪೈಲಟ್‌ಗಳ ಕಾಲಕೆಳಗೆ ಇನ್ಶೂರೆನ್ಸ್ ಇರಲಿ ಅಂತ ಅದನ್ನೇ ಕತ್ತರಿಸಿ ಹಾಕಿದೆ; ಅಂಚಿಗೆ ನೀರಿನಂಥ ಅಂಟು ಕುಡಿಸಿದರೆ ನಾರು ಏಳಲ್ಲ. ಸೀಟುಗಳಿಗೆ ಸಿಮ್ ಕಾರ್ಡ್ ತೆಗೆದ ಮೇಲೆ ಉಳಿಯೋ ಬಿಳೀ ಪ್ಲಾಸ್ಟಿಕ್. ಬೆಲ್ಟಿಗೆ ಮಾಸ್ಕಿಂಗ್ ಟೇಪು. ಪೈಲಟ್ ಕೂರೋದು ಬಲಗಡೆ, ಅವನ ಎಡಗೈಗೆ ಹೆಲಿಕಾಪ್ಟರನ್ನು ಏರಿಸಿ ಇಳಿಸೋ ಕಲೆಕ್ಟಿವ್ ಲಿವರ್ ಸಿಗಬೇಕು. ಕಿಟ್‌ನಲ್ಲಿ ಲಿವರೇ ಇರಲಿಲ್ಲ. ತಂತಿಯ ತುದಿಗೆ ಒಂದು ಹನಿ ಅಂಟು ಒಣಗಿಸಿದರೆ ಹಿಡಿಯಾಯಿತು.

ರಾಕೆಟ್ ಕೊಳವೆಗೆ ಇಂಜೆಕ್ಷನ್ ಸೂಜಿ. 21 ನಂಬರಿನ ಸೂಜಿ ಹೊರಗಡೆ 0.8 ಮಿಲಿಮೀಟರ್ ಇರುತ್ತೆ. ಮೆಡಿಕಲ್ ಶಾಪಿನಲ್ಲಿ ಇಪ್ಪತ್ತು ಕೊಡಿ ಅಂದಾಗ ಆ ಹುಡುಗ ನನ್ನ ಮೊಣಕೈ ಕಡೆ ನೋಡಿದ. ಮಾಡೆಲ್‌ಗೆ ಅಂದೆ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಸೂಜಿಯನ್ನು ಕತ್ತರಿಯಿಂದ ಕತ್ತರಿಸಿದರೆ ಬಾಯಿ ಅಪ್ಪಚ್ಚಿಯಾಗುತ್ತೆ. ಅರದ ಅಂಚಿನ ಕೆಳಗೆ ಹೊರಳಿಸಿ, ಸುತ್ತ ಗೀರು ಬಿದ್ದ ಮೇಲೆ ಲಟಕ್ಕನೆ ಮುರಿಯಬೇಕು. ಪಕ್ಕಕ್ಕೆ ಏಳರಂತೆ ಮಾಡಿದೆ. ನಡುವೆ ಒಂದು, ಸುತ್ತ ಆರು. ಒಂದೇ ಗಾತ್ರದ ಕೊಳವೆಗಳು ಹಾಗೆ ಕೂತರೆ ಒಂದು ಕೂದಲಿನ ಸಂದೂ ಉಳಿಯಲ್ಲ, ತಾವೇ ತಮ್ಮ ಜಾಗ ಹುಡುಕಿಕೊಳ್ಳುತ್ತವೆ. ಮೇಲೆ ಹಾಳೆ ಸುತ್ತಿದರೆ ಮುಗೀತು. ಮೆಷಿನ್‌ಗನ್ನಿನ ನಳಿಕೆಗೆ ಅದಕ್ಕಿಂತ ಸಣ್ಣ ಸೂಜಿ. ಅದರ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ, ಮೂರು ಸಲ ಹಾರಿಹೋಯಿತು, ಮೂರು ಸಲವೂ ಬೆಳಗ್ಗೆ ಕಸ ಗುಡಿಸುವಾಗ ಸಿಕ್ಕಿತು.

ಗಾಜಿನ ವಿಷಯದಲ್ಲಿ ಮಾತ್ರ ಮೂರ್ಖತನ ಮಾಡಿದೆ. ಹನ್ನೊಂದು ಗಂಟೆ ರಾತ್ರಿ, ನಿದ್ದೆ ಎಳೀತಿತ್ತು, ಸೂಪರ್ ಗ್ಲೂ ಕೈಗೆ ಸಿಕ್ಕಿತು, ಅದರಲ್ಲೇ ಅಂಟಿಸಿದೆ. ಬೆಳಗ್ಗೆ ನೋಡಿದರೆ ಒಳಗೆಲ್ಲ ಮಡಿಕೇರಿಯ ಮಂಜು. ಆ ಅಂಟಿನ ಆವಿ ಗಾಜಿನ ಮೇಲೆ ಬೆಳ್ಳಗೆ ಕೂರುತ್ತೆ ಅಂತ ನನಗೆ ಗೊತ್ತಿತ್ತು, ಇನ್ನೊಬ್ಬರಿಗೆ ಹೇಳಿಯೂ ಇದ್ದೆ. ಕಿತ್ತು, ಹಲ್ಲುಜ್ಜೋ ಪೇಸ್ಟಿನಿಂದ ಎರಡು ದಿನ ತಿಕ್ಕಿ, ಈ ಸಲ ಫೆವಿಕಾಲ್‌ನಲ್ಲಿ ಕೂರಿಸಿದೆ. ಎಡಗಡೆ ಮೂಲೆಯಲ್ಲಿ ಒಂಚೂರು ಮಬ್ಬು ಈಗಲೂ ಇದೆ.

ಇಷ್ಟಾದ ಮೇಲೆ ಮಾವ ಬಂದರು. ಅಮ್ಮನ ತಮ್ಮ, ಎಚ್‌ಎಎಲ್ ಹೆಲಿಕಾಪ್ಟರ್ ವಿಭಾಗದಿಂದ ರಿಟೈರ್ ಆದವರು. ಕನ್ನಡಕ ಹಣೆಗೇರಿಸಿ, ಮಾಡೆಲ್ಲನ್ನು ಮೂಗಿನ ಹತ್ತಿರ ಹಿಡಿದು, ಇಂಜಿನ್ನು, ಪೈಪು, ರಾಕೆಟ್ಟು ಯಾವುದಕ್ಕೂ ಏನೂ ಅನ್ನಲಿಲ್ಲ.

"ಲೋ, ಬ್ಲೇಡುಗಳ ಮಧ್ಯೆ ಕೇಬಲ್ ಎಲ್ಲೋ?"

"ಯಾವ ಕೇಬಲ್ ಮಾವ?"

"ಮೂರು ಬ್ಲೇಡಿಗೂ ಒಂದಕ್ಕೊಂದು ಕೇಬಲ್ ಇರುತ್ತೆ ಕಣೋ. ಅಂತರ ಸಮನಾಗಿರಬೇಕಲ್ಲ. ಅದಿಲ್ಲದೆ ಹೊರಗೆ ಬಿಟ್ಟರೆ ನನ್ನ ಕೆಲಸ ಹೋಗ್ತಿತ್ತು."

ಫೋಟೋ ತೆಗೆದು ನೋಡಿದೆ. ಇತ್ತು. ಐದು ತಿಂಗಳಿಂದ ಅದೇ ಫೋಟೋ ನೋಡ್ತಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ರೋಟರ್ ಬುಡದ ಹತ್ತಿರ ಬ್ಲೇಡಿಂದ ಬ್ಲೇಡಿಗೆ ತ್ರಿಕೋನವಾಗಿ ಬಿಗಿದ ಮೂರು ಎಳೆ.

ಮೊದಲು ಮಗಳ ಕೂದಲು ಹಾಕಿ ನೋಡಿದೆ. ಅಳತೆಗೆ ಪರವಾಗಿಲ್ಲ, ಆದರೆ ಅವಳ ಹಾಗೇ ಹೇಳಿದ ಮಾತು ಕೇಳಲ್ಲ, ಸುರುಳಿಯಾಗುತ್ತೆ. ಕೊನೆಗೆ ಹಳೇ ಉಪಾಯವೇ ಗತಿ: ಕಿಟ್‌ನ ತುಂಡುಗಳನ್ನು ಹಿಡಿದಿಟ್ಟಿರೋ ಸ್ಪ್ರೂ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ತಿರುಗಿಸುತ್ತಾ ಮೆತ್ತಗಾದ ಕೂಡಲೇ ಎಳೆದರೆ ಜೇಡರ ಬಲೆಯಂಥ ನೂಲು ಬರುತ್ತೆ. ಮೂರನ್ನು ಅಂಟಿಸಿದೆ. ಜೋತುಬಿದ್ದವು. ಆಮೇಲೆ ಊದುಬತ್ತಿ ಹಚ್ಚಿ, ಕೆಂಡವನ್ನು ಎಳೆಯ ಹತ್ತಿರ, ಮುಟ್ಟದ ಹಾಗೆ ಸುಳಿಸಿದೆ. ಬಿಸಿ ತಾಗಿದ ಎಳೆ ಸರ್ರನೆ ಬಿಗಿದು ತಂಬೂರಿಯ ತಂತಿಯಾಯಿತು. ಒಂದು ತುಂಡಾಯಿತು, ಮತ್ತೆ ಹಾಕಿದೆ. ಅಮ್ಮ ಅಡುಗೆಮನೆಯಿಂದ, "ಇಷ್ಟು ಹೊತ್ತಲ್ಲಿ ಏನೋ ಪೂಜೆ?" ಅಂದರು.

ಮುಂದಿನ ಭಾನುವಾರ ಮಾವನ ಮನೆಗೇ ತೆಗೆದುಕೊಂಡು ಹೋದೆ. ಕೇಬಲ್ ನೋಡಿದರು, "ಹ್ಞೂಂ" ಅಂದರು. ಅವರ ಬಾಯಲ್ಲಿ ಅದು ಪದ್ಮಶ್ರೀ. ಆಮೇಲೆ ಕಿರುಬೆರಳಿನಿಂದ ರೋಟರನ್ನು ಮೆಲ್ಲಗೆ ತಿರುಗಿಸಿದರು. ನಿಲ್ಲಿಸಿದರು. ಬ್ಲೇಡಿನ ಅಂಚು ಸವರಿದರು.

"ಇದು ಯಾವ ಕಡೆ ತಿರುಗುತ್ತೆ ಹೇಳು?"

ನಾನು ಸುಮ್ಮನಿದ್ದೆ.

"ಮೇಲಿಂದ ನೋಡಿದ್ರೆ ಪ್ರದಕ್ಷಿಣೆ ಕಣೋ. ನೀನು ಹಿಂದಿನ ಅಂಚನ್ನ ಮುಂದಕ್ಕೆ ಮಾಡಿದೀಯ."

ಕಿಟ್‌ನ ಬ್ಲೇಡು ಪಟ್ಟಿಯ ಹಾಗೆ ದಪ್ಪ ಅಂತ ನಾನೇ ಉಜ್ಜಿ, ಮುಂದಿನದು ಅಂದುಕೊಂಡ ಅಂಚು ದುಂಡಗೆ, ಹಿಂದಿನದು ಚೂಪು ಮಾಡಿದ್ದೆ. ಅದಕ್ಕೆ ಮುಂಚೆ ಕಟ್ಟಿದ್ದು ಅಮೆರಿಕದ ಹ್ಯೂಯಿ ಹೆಲಿಕಾಪ್ಟರ್. ಅದರದ್ದು ಅಪ್ರದಕ್ಷಿಣೆ. ಕೈ ಅದನ್ನೇ ನೆನಪಿಟ್ಟುಕೊಂಡಿತ್ತು.

ನಿನ್ನೆ ರಾತ್ರಿ ಮೂರೂ ಬ್ಲೇಡು ಕಿತ್ತೆ, ಕೇಬಲ್ ಸಮೇತ. 0.5 ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆ ತಂದಿದ್ದೇನೆ. ಊದುಬತ್ತಿ ಇನ್ನೂ ಅರ್ಧ ಪ್ಯಾಕೆಟ್ ಇದೆ.