‘ಹೆಂಗಸರ ಬುಕ್ ಕ್ಲಬ್‌ಗೂ ಇತಿಹಾಸ ಇರುತ್ತಾ?’

ಇರುತ್ತೆ. ಪುಸ್ತಕ ಓದಿ, ಸೇರಿ ಚರ್ಚಿಸುವ ಹೆಂಗಸರ ಬಳಗಗಳ ಇತಿಹಾಸ ಬರೆಯುವ ಮಾತೆತ್ತಿದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಇನ್ನು ಮುಂದೆ ಬಾಯಲ್ಲಿ ಉತ್ತರ ಹೇಳುವುದಿಲ್ಲ. ಕೇಳಿದವರಿಗೆ ಈ ಬರಹ ಕಳಿಸಿ ಸುಮ್ಮನಾಗುತ್ತೇನೆ.

ನನ್ನ ತಕರಾರು ಪ್ರಶ್ನೆಯ ಮೇಲಲ್ಲ, ಆ ‘ಗೂ’ ಮೇಲೆ. ಕ್ರಿಕೆಟ್ ಕ್ಲಬ್ಬಿನವರು ಬೆಳ್ಳಿಹಬ್ಬಕ್ಕೆ ಸ್ಮರಣ ಸಂಚಿಕೆ ತಂದರೆ ‘ಕ್ರಿಕೆಟ್ ಕ್ಲಬ್‌ಗೂ ಇತಿಹಾಸವಾ’ ಅಂತ ಯಾರೂ ಹುಬ್ಬೇರಿಸುವುದಿಲ್ಲ. ಹನ್ನೆರಡು ಹೆಂಗಸರು ಮೂವತ್ತು ವರ್ಷ ಬಿಡದೆ ಸೇರಿ ಓದಿದರು ಅಂದ ಕೂಡಲೇ ‘ಗೂ’ ಬಂದು ಅಂಟಿಕೊಳ್ಳುತ್ತದೆ. ಅದರ ಬೆನ್ನಿಗೇ ಇನ್ನೊಂದು: ‘ನಿಜವಾಗಿ ಓದ್ತಾರಾ, ಇಲ್ಲ ಬರೀ ಹರಟೆನಾ?’ ಎರಡೂ ಮಾಡುತ್ತಾರೆ ಸ್ವಾಮಿ. ಹರಟೆ ಇಲ್ಲದ ಬಳಗ ಮೂರು ವರ್ಷ ಬಾಳುವುದಿಲ್ಲ, ಓದು ಇಲ್ಲದ್ದು ಮೂರು ತಿಂಗಳು.

‘ಬರೆಯೋಕೆ ಏನಿರುತ್ತೆ’ ಅನ್ನುವವರಿಗೆ ಒಂದು ಲೆಕ್ಕ. 1868ರಲ್ಲಿ ನ್ಯೂಯಾರ್ಕಿನ ಪತ್ರಕರ್ತರ ಕ್ಲಬ್ಬು ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ಗೆ ಔತಣ ಇಟ್ಟಿತು. ಪತ್ರಕರ್ತೆ ಜೇನ್ ಕನಿಂಗ್‌ಹ್ಯಾಮ್ ಕ್ರೋಲಿಗೆ ಟಿಕೆಟ್ ಸಿಗಲಿಲ್ಲ, ಹೆಂಗಸು ಅನ್ನುವ ಕಾರಣಕ್ಕೆ. ಆಕೆ ಅದೇ ವರ್ಷ ಸೊರೊಸಿಸ್ ಎಂಬ ಮಹಿಳಾ ಕ್ಲಬ್ ಕಟ್ಟಿದರು. ಮೂವತ್ತು ವರ್ಷ ಕಳೆದು, 1898ರಲ್ಲಿ, ಅಮೆರಿಕದ ಮಹಿಳಾ ಕ್ಲಬ್ಬುಗಳ ಇತಿಹಾಸವನ್ನು ಆಕೆಯೇ ಬರೆದು ಪ್ರಕಟಿಸಿದಾಗ ಪುಟಗಳು ಸಾವಿರ ದಾಟಿದ್ದವು. ಬರೆಯಲು ಏನೂ ಇಲ್ಲದ ವಿಷಯಕ್ಕೆ ಇಷ್ಟು ಸಾಕು ಅನ್ನಿಸುತ್ತದೆ.

ಅದಕ್ಕೂ ಹಿಂದಿನದು ಸಿಗುತ್ತದೆ, ಆದರೆ ವಕ್ರವಾಗಿ. 1630ರ ದಶಕದಲ್ಲಿ ಬಾಸ್ಟನ್ನಿನ ಆ್ಯನ್ ಹಚಿನ್ಸನ್ ತನ್ನ ಮನೆಯಲ್ಲಿ ಹೆಂಗಸರನ್ನು ಸೇರಿಸಿ ಚರ್ಚಿನ ಪ್ರವಚನಗಳನ್ನು ಚರ್ಚಿಸುತ್ತಿದ್ದಳು. ಬುಕ್ ಕ್ಲಬ್ ಅಲ್ಲ, ಅದರ ಮುತ್ತಜ್ಜಿ ಅನ್ನಬಹುದು. ಆ ಸಭೆಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಬಂದದ್ದು 1637ರಲ್ಲಿ ಆಕೆಯ ಮೇಲೆ ನಡೆದ ವಿಚಾರಣೆಯ ದಾಖಲೆಯಿಂದ. ಅಂದರೆ ಆಕೆಯನ್ನು ಗಡೀಪಾರು ಮಾಡಿದವರ ಕಾಗದದಿಂದ. 1831ರಲ್ಲಿ ಫಿಲಡೆಲ್ಫಿಯಾದ ಕಪ್ಪು ಮಹಿಳೆಯರು ಒಂದು ಸಾಹಿತ್ಯ ಸಂಘ ಕಟ್ಟಿದರು. ಸದಸ್ಯೆಯರು ಹೆಸರು ಹಾಕದೆ ಬರೆದದ್ದನ್ನು ಪೆಟ್ಟಿಗೆಗೆ ಹಾಕುವುದು, ತೆಗೆದು ಗಟ್ಟಿಯಾಗಿ ಓದುವುದು, ವಿಮರ್ಶಿಸುವುದು. ಅದರಲ್ಲಿ ಕೆಲವು ಉಳಿದಿವೆ, ಪತ್ರಿಕೆಯಲ್ಲಿ ಅಚ್ಚಾದ್ದರಿಂದ. 1839ರಲ್ಲಿ ಲೇಖಕಿ ಮಾರ್ಗರೆಟ್ ಫುಲ್ಲರ್ ಬಾಸ್ಟನ್ನಿನಲ್ಲಿ ಹೆಂಗಸರಿಗಾಗಿ ಸಂವಾದ ಶುರು ಮಾಡಿ ಗ್ರೀಕ್ ಪುರಾಣವನ್ನು ಎತ್ತಿಕೊಂಡಾಗ ಅಲ್ಲಿಗೆ ಬರುತ್ತಿದ್ದ ಎಲಿಜಬೆತ್ ಪೀಬಾಡಿ ಟಿಪ್ಪಣಿ ಬರೆದುಕೊಂಡರು. ಹಾಗಾಗಿ ಆ ಮಾತು ಅವರವರ ಬಾಯಿಯ ಹತ್ತಿರದಲ್ಲೇ ಉಳಿಯಿತು. ಯಾರು ಬರೆದುಕೊಂಡರು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಈಗ ನಿಮ್ಮ ಬಳಗಕ್ಕೆ ಬರೋಣ. ಇತಿಹಾಸ ಬರೆಯಬೇಕು ಅಂದಾಗ ಎಲ್ಲರೂ ಮಾಡುವ ಮೊದಲ ಕೆಲಸ ಓದಿದ ಪುಸ್ತಕಗಳ ಪಟ್ಟಿ. ವರ್ಷಕ್ಕೆ ಹತ್ತು ಸಭೆ, ಮೂವತ್ತು ವರ್ಷ, ಮುನ್ನೂರು ಹೆಸರು. ಹತ್ತು ಪುಟ. ಒಬ್ಬರೂ ಓದುವುದಿಲ್ಲ. ಆ ಪಟ್ಟಿಗೆ ಜೀವ ಬರುವುದು ಪಕ್ಕದ ಅಂಕಣಗಳಿಂದ: ಯಾರು ಸೂಚಿಸಿದರು, ಎಷ್ಟು ಜನ ಬಂದರು, ಅದರಲ್ಲಿ ಎಷ್ಟು ಜನ ಮುಗಿಸಿದ್ದರು, ಪ್ರತಿ ಎಲ್ಲಿಂದ ಸಿಕ್ಕಿತು, ಸಭೆ ಎಷ್ಟಕ್ಕೆ ಶುರುವಾಗಿ ಎಷ್ಟಕ್ಕೆ ಮುಗಿಯಿತು. ಒಂಬತ್ತು ಹಾಜರಿ, ನಾಲ್ಕು ಜನ ಮುಗಿಸಿದ್ದಾರೆ, ಮಾತು ಎರಡೂವರೆ ಗಂಟೆ. ಈ ಮೂರು ಅಂಕಿ ಆ ಪುಸ್ತಕದ ಬಗ್ಗೆ ಹೇಳುವಷ್ಟನ್ನು ಒಂದು ಪುಟ ಹೊಗಳಿಕೆ ಹೇಳುವುದಿಲ್ಲ.

‘ಪ್ರತಿ ಎಲ್ಲಿಂದ’ ಅನ್ನುವುದನ್ನು ಸಣ್ಣದೆಂದು ಬಿಡಬೇಡಿ. ಹನ್ನೆರಡು ಜನಕ್ಕೆ ಒಂದೇ ಪ್ರತಿ ಇದ್ದರೆ ತಿಂಗಳಲ್ಲಿ ಒಬ್ಬೊಬ್ಬರಿಗೆ ಸಿಗುವುದು ಎರಡೂವರೆ ದಿನ. ಮನೆಗೆಲಸದ ನಡುವೆ ಅದು ಆಗದ ಮಾತು. ಹಾಗಾಗಿ ಪ್ರತಿ ಕಡಿಮೆ ಇದ್ದ ಬಳಗಗಳು ಎರಡರಲ್ಲೊಂದು ದಾರಿ ಹಿಡಿಯುತ್ತವೆ. ಒಂದು, ಗಟ್ಟಿ ಓದು: ಪುಟಕ್ಕೆ ಎರಡು ನಿಮಿಷ ಹಿಡಿದರೆ ಮುನ್ನೂರು ಪುಟಕ್ಕೆ ಹತ್ತು ಗಂಟೆ, ಎರಡೆರಡು ಗಂಟೆಯ ಐದು ಸಭೆ. ಇನ್ನೊಂದು, ಪ್ರತಿಯೊಬ್ಬರೂ ಬೇರೆ ಪುಸ್ತಕ ತಂದು ಕೈಯಿಂದ ಕೈಗೆ ದಾಟಿಸುವುದು. ಅಲ್ಲಿ ಎಲ್ಲರೂ ಒಂದೇ ಪುಸ್ತಕದ ಬಗ್ಗೆ ಜಗಳವಾಡುವ ಸುಖವಿಲ್ಲ. ಯಾವ ವರ್ಷ ಒಂದು ಪದ್ಧತಿ ಬಿಟ್ಟು ಇನ್ನೊಂದಕ್ಕೆ ಬಂದರು ಅನ್ನುವುದು ಉದ್ಘಾಟನೆಗೆ ಬಂದ ಅತಿಥಿಯ ಹೆಸರಿಗಿಂತ ದೊಡ್ಡ ಸಂಗತಿ.

ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ನಡಾವಳಿ ಪುಸ್ತಕ ಕೈಗೆ ಬಂದಾಗ ಮೊದಲು ಶಾಯಿ ನೋಡಿ. ಎರಡು ವರ್ಷದ ಸಭೆಗಳು ಒಂದೇ ಪೆನ್ನಲ್ಲಿ, ಒಂದೇ ಕೈಬರಹದಲ್ಲಿ, ಒಂದು ಸಾಲೂ ಹೊಡೆದುಹಾಕದೆ ಇದ್ದರೆ ಅದು ನಡಾವಳಿಯಲ್ಲ, ಯಾರೋ ಅಚ್ಚುಕಟ್ಟು ಹೆಂಗಸು ಒಂದೇ ಮಧ್ಯಾಹ್ನ ಕೂತು ಬರೆದ ಶುದ್ಧ ಪ್ರತಿ. ಅದಕ್ಕೆ ಆಧಾರವಾದ ಕಚ್ಚಾ ಪುಸ್ತಕ ಕೇಳಿ. ಹೊಡೆದುಹಾಕಿದ ಸಾಲು ಇರುವುದು ಅಲ್ಲಿ.

ಎರಡನೆಯ ತಲೆನೋವು ಹೆಸರು. ಹಳೆಯ ಪುಸ್ತಕಗಳಲ್ಲಿ ಹಾಜರಿ ಹಾಕಿರುವುದು ಹಲವು ಸಲ ಗಂಡನ ಹೆಸರಿಗೆ ‘ಶ್ರೀಮತಿ’ ಸೇರಿಸಿ. ಅಮೆರಿಕದ ಕ್ಲಬ್ಬುಗಳ ದಾಖಲೆಯಲ್ಲೂ ಇದೇ ಕಥೆ. ಪ್ರತಿ ಹೆಸರಿನ ಎದುರು ಆಕೆಯ ಸ್ವಂತ ಹೆಸರು, ಬಂದ ವರ್ಷ, ಬಿಟ್ಟ ವರ್ಷ ಬರೆದು ಒಂದು ಸೂಚಿ ಮಾಡದೆ ಮುಂದೆ ಹೋಗಬೇಡಿ. ಹೆಚ್ಚು ಸಮಯ ತಿನ್ನುವ ಕೆಲಸ ಇದೇ. ವಾಟ್ಸ್ಆ್ಯಪ್ ಬಂದ ಮೇಲೆ ಸುಧಾರಿಸಿತು ಅಂದುಕೊಂಡಿದ್ದರೆ, ಇಲ್ಲ. ಚಾಟ್ ಎಕ್ಸ್‌ಪೋರ್ಟ್ ಮಾಡಿದರೆ ಮಾಡಿದವರ ಫೋನಿನಲ್ಲಿ ಯಾವ ಹೆಸರು ಸೇವ್ ಆಗಿದೆಯೋ ಅದೇ ಬರುತ್ತದೆ: ‘ಅತ್ತಿಗೆ’, ‘ಮೇಲ್ಮನೆ ಆಂಟಿ’, ‘ಸುಧಾ ಹೊಸ ನಂಬರ್’. ಆ ಅತ್ತಿಗೆ ಯಾರೆಂದು ಇವತ್ತೇ ಪಕ್ಕದಲ್ಲಿ ಬರೆದಿಡಿ.

ಕಾಗದದ ವಿಷಯ ಚುಟುಕಾಗಿ: ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತದೆ, ರಬ್ಬರ್ ಬ್ಯಾಂಡ್ ಕರಗಿ ಅಂಟುತ್ತದೆ, ಸೆಲ್ಲೋಟೇಪ್ ಹಳದಿಯಾಗಿ ಕಲೆ ಬಿಡುತ್ತದೆ. ಮೂರನ್ನೂ ದೂರವಿಡಿ. ಫೋಟೋ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಒತ್ತು ಮುಂದಕ್ಕೆ ಮೂಡುತ್ತದೆ. ಮೃದು ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ, ಫೋಟೋದಲ್ಲಿರುವವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆಯಿರಿ. ಲ್ಯಾಮಿನೇಟ್ ಮಾಡಿಸಿದಿರೋ, ಮತ್ತೆ ಬಿಡಿಸಲಾಗದು.

ಹಿರಿಯ ಸದಸ್ಯೆಯರ ಬಳಿ ‘ಆಗ ಹೇಗಿತ್ತಮ್ಮ?’ ಅಂತ ಕೇಳಿದರೆ ‘ತುಂಬಾ ಚೆನ್ನಾಗಿತ್ತು’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ‘ಸಭೆಗೆ ಬರುವಾಗ ಮಗುವನ್ನ ಯಾರ ಹತ್ರ ಬಿಡ್ತಿದ್ರಿ?’, ‘ಓದದೇ ಬಂದು ಓದಿದ ಹಾಗೆ ತಲೆಯಾಡಿಸಿದ್ದು ಯಾವ ಪುಸ್ತಕಕ್ಕೆ?’ ಅಂತ ಕೇಳಿ. ಮೊದಲು ಒಬ್ಬೊಬ್ಬರನ್ನೇ, ಆಮೇಲೆ ಇಬ್ಬರನ್ನು ಜೊತೆಗೆ. ಮೊದಲೇ ಜೊತೆಗೆ ಕೂರಿಸಿದರೆ ಗಟ್ಟಿ ದನಿಯವರ ನೆನಪು ಇನ್ನೊಬ್ಬರ ನೆನಪನ್ನು ನುಂಗುತ್ತದೆ. ಒಂದು ಗಂಟೆಯ ರೆಕಾರ್ಡಿಂಗ್ ಅಕ್ಷರಕ್ಕಿಳಿಸಲು ಐದಾರು ಗಂಟೆ ಬೇಕು, ಹಾಗಾಗಿ ಹತ್ತು ಜನಕ್ಕೆ ಮಾತು ಕೊಡುವ ಮುನ್ನ ಯೋಚಿಸಿ.

ನಿಜ ಹೇಳಬೇಕೆಂದರೆ ಇದ್ಯಾವುದೂ ನನ್ನ ಮೆಚ್ಚಿನ ಪ್ರಶ್ನೆಯಲ್ಲ. ಯಾರಾದರೂ ‘ಅವರು ಯಾವ ಪುಸ್ತಕ ಬೇಡ ಅಂದರು?’ ಅಂತ ಕೇಳಲಿ ಅಂತ ಕಾಯುತ್ತಿದ್ದೇನೆ. ಇತಿಹಾಸ ಇರುವುದು ಆ ಪಟ್ಟಿಯಲ್ಲಿ. ‘ದಪ್ಪ’ ಅನ್ನುವುದು ಸಾಮಾನ್ಯ ನೆಪ, ಆದರೆ ಅದರ ಮುಂದಿನ ತಿಂಗಳೇ ಐನೂರು ಪುಟದ ಇನ್ನೊಂದನ್ನು ಒಪ್ಪಿರುತ್ತಾರೆ. ಎರಡು ಸಾಲನ್ನೂ ಅಕ್ಕಪಕ್ಕ ಇಟ್ಟರೆ ದಪ್ಪ ಸಮಸ್ಯೆಯಲ್ಲ ಅಂತ ಗೊತ್ತಾಗುತ್ತದೆ. ವಿಷಯ ವಿಚ್ಛೇದನವೋ ಜಾತಿಯೋ ಆಗಿರುತ್ತದೆ, ಇಲ್ಲವೇ ಸೂಚಿಸಿದವಳು ಹೊಸಬಳು. ಅದೇ ಪುಸ್ತಕ ಹತ್ತು ವರ್ಷದ ಮೇಲೆ, ಇನ್ನೊಬ್ಬರ ಬಾಯಲ್ಲಿ ಬಂದು ಚರ್ಚೆಯಿಲ್ಲದೆ ಒಪ್ಪಿಗೆಯಾಗಿದ್ದರೆ ಆ ಎರಡು ದಿನಾಂಕಗಳ ನಡುವೆ ಒಂದು ಅಧ್ಯಾಯ ಇದೆ, ಬರೆಯಿರಿ.

ಶುದ್ಧ ಪ್ರತಿ ಮಾಡುವವರು ಮೊದಲು ಬಿಡುವುದು ಈ ಸಾಲುಗಳನ್ನೇ. ‘ಯಾಕೆ ಸುಮ್ನೆ, ಯಾರಿಗಾದ್ರೂ ಬೇಜಾರಾಗುತ್ತೆ.’ ಅದೇ ಉಸಿರಿನಲ್ಲಿ ಬಳಗ ಬಿಟ್ಟು ಹೋದವರ ಹೆಸರೂ ಹೋಗುತ್ತದೆ, ಮೂವತ್ತು ವರ್ಷದ ಪುಸ್ತಕದಲ್ಲಿ ಎಲ್ಲರೂ ನಗುತ್ತಲೇ ಇರುತ್ತಾರೆ. ಬಿಟ್ಟುಹೋದವಳನ್ನು ಹುಡುಕಿ ಮಾತಾಡಿಸಿ. ಆಕೆ ಸೂಚಿಸಿದ್ದ ಪುಸ್ತಕ, ಆ ದಿನ ಯಾರು ಏನಂದರು, ಎಲ್ಲ ಆಕೆಗೆ ನೆನಪಿರುತ್ತದೆ. ನಂಬರ್ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅವತ್ತು ಆಕೆಯ ಜೊತೆ ಜಗಳವಾಡಿದವರನ್ನು ಕೇಳಿ ನೋಡಿ, ಅವರ ಹತ್ತಿರ ಇರುತ್ತದೆ.